ಧಾರೆಯೆರೆದ ಆಯುಷ್ಯ

ಜೀವಿಸಿರುವುದನ್ನೇ ಒಂದು ಉಪಕಾರವೆಂದು ಬಗೆದು, ಏಳುವಾಗಲೂ ಉಣ್ಣುವಾಗಲೂ ಮಲಗುವಾಗಲೂ ಅದನ್ನು ನೆನೆಯುವ ಅಭ್ಯಾಸವನ್ನು ನಿತ್ಯವಿಧಿಯನ್ನಾಗಿಸಿದ ಗ್ರಂಥವನ್ನು ಕನ್ನಡದಲ್ಲಿ ಅರಸುವವರು ಮಾನ್ವಿಯ ಜಗನ್ನಾಥದಾಸರ ‘ಹರಿಕಥಾಮೃತಸಾರ’ಕ್ಕೆ ಬಾರದೆ ಇರಲಾರರು. ಭಾಮಿನೀ ಷಟ್ಪದಿಯ ಈ ಕೃತಿಯನ್ನು ರಾಯಚೂರು ನಗರದ ದಾಸಭಕ್ತರು ಇಂದಿಗೂ ಸಂಧಿಸಂಧಿಯಾಗಿ ಪಾರಾಯಣ ಮಾಡುವರು.

ಇದರ ಬೆನ್ನಿಗಿರುವ ಐತಿಹ್ಯ ಪ್ರಸಿದ್ಧವಾದುದು. ಬ್ಯಾಗವಾಟದಲ್ಲಿ 1728ರಲ್ಲಿ ಜನಿಸಿ ಮುಂದೆ ಜಗನ್ನಾಥದಾಸರೆನಿಸಿದ ಶ್ರೀನಿವಾಸಾಚಾರ್ಯರು ಸಂಸ್ಕೃತಪಾಂಡಿತ್ಯದ ಮದದಿಂದ, ಕನ್ನಡದಲ್ಲಿ ಹಾಡುವ ಚೀಕಲಪರವಿಯ ವಿಜಯದಾಸರನ್ನು ಕಡೆಗಣಿಸಿ, ಅವರ ಊಟದ ಕರೆಗೆ ಉದರಶೂಲೆಯ ನೆವವೊಡ್ಡಿದರಂತೆ. ನೆವವೇ ನಿಜವಾಗಿ ಪ್ರಾಣಕ್ಕೆ ಬಂದಾಗ, ದೇವದುರ್ಗ ಸೀಮೆಯ ಮೊಸರಕಲ್ಲಿನಲ್ಲಿ ಹುಟ್ಟಿದ ಗೋಪಾಲದಾಸರು ಗುರು ವಿಜಯದಾಸರ ಆಣತಿಯಂತೆ ತಮ್ಮ ಆಯುಷ್ಯದ 40 ವರ್ಷಗಳನ್ನು ಜೋಳದ ರೊಟ್ಟಿಯೊಡನೆ ಧಾರೆಯೆರೆದರಂತೆ. ರೋಗವನ್ನು ಅಪರಾಧದ ಫಲವೆನ್ನುವ ಪೂರ್ವಭಾಗ ನನಗೆ ಒಗ್ಗದು. ಅಂಜಿಕೆಯಿಂದ ಹುಟ್ಟಿದ ಕೃತಜ್ಞತೆ ಅಂಜಿಕೆ ಕಳೆದೊಡನೆ ಕರಗುವಂಥದು. ಆದರೆ ತನ್ನ ಉಸಿರು ಇನ್ನೊಬ್ಬನ ಪಾಲಿನದೆಂದು ನಂಬಿದವನು, 1809ರವರೆಗೆ ಬಾಳಿದವನು, ಒಂದು ತುತ್ತನ್ನಾದರೂ ಮೈಮರೆತು ನುಂಗಿಯಾನೆ? ಕರುಣಾಸಂಧಿಯ ಭಗವಂತ ಭಕ್ತನ ಸೋಮಾರಿತನವನ್ನೂ ಕ್ಷಮಿಸಿ ತಾನೇ ಎದುರುಗೊಳ್ಳುವವನಾದುದು ಈ ನಂಬಿಕೆಯಿಂದಲೇ ಇರಬೇಕು.

ಭೋಜನರಸವಿಭಾಗ ಸಂಧಿಯಲ್ಲಿ ಅನ್ನದ ಒಂದೊಂದು ಪದಾರ್ಥದಲ್ಲಿಯೂ ರಸದಲ್ಲಿಯೂ ಹರಿರೂಪವನ್ನು ಗುರುತಿಸುವ ಕ್ರಮವುಂಟು. ಎಲೆಯ ಮುಂದೆ ಕುಳಿತವನ ಲಕ್ಷ್ಯವನ್ನು ಎಲೆಯ ಮೇಲೆಯೇ ನಿಲ್ಲಿಸುವ ಉಪಾಯವಾಗಿ ಇದು ಅದ್ಭುತವಾದುದೇ ಸರಿ. ಹಾಗಿದ್ದೂ ರೂಪಗಳ ಹೆಸರು, ಎಣಿಕೆ, ತಾರತಮ್ಯಗಳು ಬೆಳೆಬೆಳೆದಂತೆ ಸ್ಮರಣೆ ಲೆಕ್ಕವಾಗತೊಡಗುತ್ತದೆ. ನಾಲಗೆ ಪದ್ಯವನ್ನು ಮುಗಿಸುವ ಅವಸರದಲ್ಲಿರುವಾಗ ಮನಸ್ಸು ಎಲ್ಲಿಯೋ ಇರುತ್ತದೆ. ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು: ಎಡೆದೊರೆನಾಡಿನ ಕರಿಮಣ್ಣಿನಲ್ಲಿ ಹಿಂಗಾರಿ ಜೋಳ ಬಿತ್ತಿದವನಿಗೂ, ಒಲೆಯ ಮುಂದೆ ಬೆವರುತ್ತ ರೊಟ್ಟಿ ಬಡಿದವಳಿಗೂ ಸಲ್ಲಬೇಕಾದ ನಮನವೆಲ್ಲ ನೇರವಾಗಿ ವೈಕುಂಠಕ್ಕೆ ಹೋಗಿಬಿಡುತ್ತದೆ. ಸರ್ವರ ಅಂತರ್ಯಾಮಿಗೆ ಸಂದುದು ಅವರಿಗೂ ಸಂದಂತೆಯೇ ಎಂದು ಸಂಪ್ರದಾಯಜ್ಞರು ಸಮಾಧಾನ ಹೇಳಿಯಾರು. ಶಾಸ್ತ್ರಕ್ಕೆ ಅದು ಸಾಕು, ರೊಟ್ಟಿ ಬಡಿದವಳಿಗೆ ಸಾಲದು.

ಇಷ್ಟಾದರೂ ನಿತ್ಯದ ಬದುಕನ್ನು ಇಷ್ಟು ಹತ್ತಿರದಿಂದ ಕಂಡ ಭಕ್ತಿಗ್ರಂಥ ನಮ್ಮಲ್ಲಿ ವಿರಳ. ಹೊಸದಾಗಿ ಓದುವವರು ಕರುಣಾಸಂಧಿಯನ್ನು, ದಿನಕ್ಕೆ ನಾಲ್ಕೇ ಪದ್ಯವಾದರೂ ಸರಿ, ಅರ್ಥವರಿತು ಓದಲಿ. ತಾರತಮ್ಯದ ಗಣನೆ ಆಮೇಲೆ ನೋಡಿದರಾಯಿತು.