ಜೀರಿಗೆ ಹಾಕದ ಜೀರಿಗೆ ಪರಿಮಳ

ಜೀರಿಗೆ ಮಾವಿನ ಮಿಡಿಯ ತೊಟ್ಟು ಮುರಿದು ಮೂಗಿನ ಹತ್ತಿರ ಹಿಡಿದವರಿಗೆಲ್ಲ ಗೊತ್ತು, ಜಿನುಗುವ ಸೊನೆಯಲ್ಲಿ ಮಾವಿನ ಹುಳಿಗಿಂತ ಮೊದಲು ಜೀರಿಗೆಯ ಪರಿಮಳ ಬರುತ್ತದೆ. ಆ ಮರಕ್ಕೆ ಯಾರೂ ಜೀರಿಗೆ ಉಣಿಸಿಲ್ಲ. ಭರಣಿಯಲ್ಲಿ ಕಲ್ಲುಪ್ಪಿನ ಜೊತೆ ಕೂತು, ಸುಕ್ಕುಗಟ್ಟಿ, ತಾನೇ ಬಿಟ್ಟ ನೀರಿನಲ್ಲಿ ಮುಳುಗಿ ವರ್ಷ ಕಳೆದರೂ ಆ ಪರಿಮಳ ಹೋಗುವುದಿಲ್ಲ. ಈಗ ಜರ್ಮನಿಯ ಬವೇರಿಯಾದ ವೈಸ್‌ಬಿಯರ್, ಅಂದರೆ ಗೋಧಿ ಬಿಯರಿನ ಒಂದು ಗ್ಲಾಸನ್ನು ಇದರ ಪಕ್ಕ ಇಡೋಣ. ಎತ್ತರದ ಗ್ಲಾಸು, ಮಬ್ಬು ಹೊಂಬಣ್ಣ, ಮೇಲೆ ಮೂರು ಬೆರಳು ದಪ್ಪದ ನೊರೆ. ಮೂಗು ಹತ್ತಿರ ತಂದರೆ ಕಳಿತ ಬಾಳೆಹಣ್ಣು, ಅದರ ಹಿಂದೆಯೇ ಲವಂಗ. ಅದರೊಳಗೆ ಬಾಳೆಹಣ್ಣೂ ಇಲ್ಲ, ಲವಂಗವೂ ಇಲ್ಲ. ಮೊಳಕೆ ಬರಿಸಿ ಒಣಗಿಸಿದ, ಅಂದರೆ ಮಾಲ್ಟ್ ಮಾಡಿದ ಗೋಧಿ ಮತ್ತು ಬಾರ್ಲಿ, ಹಾಪ್ಸ್ ಹೂವು, ನೀರು, ಯೀಸ್ಟ್, ಇಷ್ಟೇ. ಬಾಳೆಹಣ್ಣಿನಲ್ಲಿರುವ ಐಸೊಅಮೈಲ್ ಅಸಿಟೇಟ್ ಎಂಬ ಸಂಯುಕ್ತವನ್ನೇ ಈ ಬಿಯರಿನ ಯೀಸ್ಟ್ ಹುಳಿಯುವಾಗ ತಾನಾಗಿ ತಯಾರಿಸುತ್ತದೆ. ಈ ವಾರ ನಾನು ಹೇಳಹೊರಟಿರುವುದು ಈ ಎರಡು ಪರಿಮಳಗಳ ನಡುವೆ ಇದೆ. ಒಳ್ಳೆಯ ಬಿಯರಿನ ರುಚಿಯೂ ಒಳ್ಳೆಯ ರಾಕ್ ಸಂಗೀತದ ಸೊಗಸೂ ಮೇಲಿಂದ ಸುರಿದವಲ್ಲ; ಮಾಡುವವನಿಗಿದ್ದ ಇಕ್ಕಟ್ಟಿನೊಳಗಿಂದ ಅವು ಎದ್ದು ಬಂದಿವೆ.

ಬಿಯರಿನ ಚರಿತ್ರೆ ಇದಕ್ಕೆ ಧಾರಾಳವಾಗಿ ಸಾಕ್ಷಿ ಹೇಳುತ್ತದೆ. 1516ರ ಏಪ್ರಿಲ್ 23ರಂದು ಬವೇರಿಯಾದ ದೊರೆಗಳು ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬೇರೇನೂ ಹಾಕಕೂಡದು ಎಂದು ಕಟ್ಟಳೆ ಹೊರಡಿಸಿದರು. ಬ್ರೆಡ್ಡಿಗೆ ಬೇಕಾದ ಗೋಧಿ ಉಳಿಯಲಿ ಎಂಬ ಲೆಕ್ಕವೂ ಅದರ ಹಿಂದಿತ್ತು ಎನ್ನುತ್ತಾರೆ. ಯೀಸ್ಟಿನ ಹೆಸರೇ ಅದರಲ್ಲಿಲ್ಲ, ಏಕೆಂದರೆ ಅದೇನೆಂದು ಆಗ ಯಾರಿಗೂ ತಿಳಿದಿರಲಿಲ್ಲ. ಇನ್ನು ನೀರಿನ ಕಟ್ಟಳೆಯನ್ನು ನೆಲವೇ ಮಾಡಿಟ್ಟಿತ್ತು. ಬಯಲುಸೀಮೆಯ ಸವಳು ನೀರಿನಲ್ಲಿ ತೊಗರಿಬೇಳೆ ಬೇಯದೆ ಸತಾಯಿಸುತ್ತದೆ, ನಮ್ಮ ಜಂಬಿಟ್ಟಿಗೆ ನೆಲದ ಬಾವಿನೀರಿನಲ್ಲಿ ಬೇಗ ಬೇಯುತ್ತದೆ. ಇಷ್ಟು ಗೊತ್ತಿದ್ದವರಿಗೆ ಯುರೋಪಿನ ಬಿಯರಿನ ಅರ್ಧ ಭೂಗೋಳ ಅರ್ಥವಾದಂತೆಯೇ. ಐರ್ಲೆಂಡಿನ ಡಬ್ಲಿನ್ನಿನ ನೀರು ಗಡಸು; ಹುರಿದು ಕಪ್ಪಾದ ಧಾನ್ಯದ ಹುಳಿ ಸೇರಿದಾಗಲೇ ಅದು ಹದಕ್ಕೆ ಬರುವುದು. ಹಾಗಾಗಿ ಅಲ್ಲಿ ಕಾಫಿಯಂಥ ಕಪ್ಪು ಸ್ಟೌಟ್ ನೆಲೆಯೂರಿತು. ಇಂಗ್ಲೆಂಡಿನ ಬರ್ಟನ್ ಊರಿನ ನೀರಿನಲ್ಲಿ ಜಿಪ್ಸಂ ಜಾಸ್ತಿ. ಅದರಲ್ಲಿ ಹಾಪ್ಸಿನ ಕಹಿ ಚುರುಕಾಗಿ ನಿಲ್ಲುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಹಡಗೇರಿ ನಮ್ಮ ದೇಶಕ್ಕೆ ಬರುತ್ತಿದ್ದ ಇಂಡಿಯಾ ಪೇಲ್ ಏಲ್‌ಗೆ ಆ ಊರು ಹೆಸರಾಯಿತು. ಬೊಹೀಮಿಯಾದ ಪಿಲ್ಸೆನ್ನಿನ ನೀರು ಮಾತ್ರ ನಮ್ಮ ಬಾವಿಗಳ ಹಾಗೆ ಮೆದು. ಕೆಟ್ಟ ಬಿಯರು ಕುಡಿದು ಬೇಸತ್ತ ಆ ಊರಿನವರು 1838ರಲ್ಲಿ ಪೀಪಾಯಿಗಳನ್ನು ಚರಂಡಿಗೆ ಚೆಲ್ಲಿದರು, ಹೊಸ ಬ್ರೂವರಿ ಕಟ್ಟಿ ಬವೇರಿಯಾದಿಂದ ಯೋಸೆಫ್ ಗ್ರೋಲ್ ಎಂಬವನನ್ನು ಕರೆಸಿದರು. 1842ರ ಅಕ್ಟೋಬರಿನಲ್ಲಿ ಅವನು ಆ ಮೆದು ನೀರು, ತಿಳಿಬಣ್ಣದ ಮಾಲ್ಟ್ ಮತ್ತು ಅದೇ ಸೀಮೆಯ ಹಾಪ್ಸ್ ಸೇರಿಸಿ ತೆಗೆದ ಹೊಂಬಣ್ಣದ ಪಿಲ್ಸ್‌ನರ್ ಲಾಗರನ್ನೇ ಜಗತ್ತಿನ ಬಹುಪಾಲು ಬ್ರೂವರಿಗಳು ಇಂದಿಗೂ ಅನುಕರಿಸುತ್ತಿವೆ.

ರಾಕ್ ಸಂಗೀತದ ಕಡೆ ತಿರುಗಿದರೆ ಇಕ್ಕಟ್ಟು ಇನ್ನೂ ಮೈಗೆ ಹತ್ತಿರ ಬರುತ್ತದೆ. ಬರ್ಮಿಂಗ್‌ಹ್ಯಾಮಿನ ತಗಡಿನ ಕಾರ್ಖಾನೆಯಲ್ಲಿ ಹದಿನೇಳು ವರ್ಷದ ಟೋನಿ ಅಯೋಮಿ ಕೆಲಸ ಬಿಡುವ ಕೊನೆಯ ದಿನವೇ ಯಂತ್ರಕ್ಕೆ ಬಲಗೈ ಕೊಟ್ಟ. ನಡುಬೆರಳು ಮತ್ತು ಉಂಗುರ ಬೆರಳಿನ ತುದಿಗಳು ಹೋದವು. ಎಡಚನಾದ್ದರಿಂದ ಗಿಟಾರಿನ ತಂತಿ ಒತ್ತಬೇಕಾದ್ದು ಅದೇ ಕೈ. ಅವನು ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ಅದಕ್ಕೆ ತೊಗಲು ಅಂಟಿಸಿದ, ತೆಳುವಾದ ತಂತಿ ಕಟ್ಟಿದ. 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಆಲ್ಬಮ್ಮಿನ ಹೊತ್ತಿಗೆ ತಂತಿಗಳ ಶ್ರುತಿಯನ್ನು ಮೂರು ಅರೆಸ್ವರ ಇಳಿಸಿ ಸಡಿಲಗೊಳಿಸಿದ. ಅವನ ತಂಡವಾದ ಬ್ಲ್ಯಾಕ್ ಸ್ಯಾಬತ್‌ನ ಆ ಭಾರವಾದ ನಾದ, ನೆಲದಡಿಯಿಂದ ಗುಡುಗಿದಂಥ ದನಿ, ನೋಯುವ ಬೆರಳಿಗೆ ಹುಡುಕಿದ ಉಪಾಯದಿಂದ ತೂಕ ಪಡೆಯಿತು. ಹೆವಿ ಮೆಟಲ್ ಎಂಬ ಸಂಗೀತವೇ ಆ ದಾರಿಯಲ್ಲಿ ಬೆಳೆಯಿತು. ಕ್ವೀನ್ ತಂಡದ ಬ್ರಯಾನ್ ಮೇ ದುಬಾರಿ ಗಿಟಾರ್ ಕೊಳ್ಳಲಾಗದೆ ತಂದೆಯ ಜೊತೆ ಕೂತು, ಹಳೆಯ ಬೆಂಕಿಗೂಡಿನ ಚೌಕಟ್ಟಿನ ಮರವನ್ನೂ ಬಳಸಿ ಒಂದನ್ನು ಮಾಡಿಕೊಂಡ. ಅಂದಿನಿಂದ ಮುಖ್ಯವಾಗಿ ಅದನ್ನೇ ನುಡಿಸುತ್ತ ಬಂದಿದ್ದಾನೆ, ಅದೂ ಆರು ಪೆನ್ನಿಯ ನಾಣ್ಯದಿಂದ ಮೀಟಿ. ಎಡಗೈ ರೂಢಿಯ ರಿಂಗೊ ಸ್ಟಾರ್ ಬಲಗೈಯವರ ಡ್ರಮ್ಸ್ ಬಾರಿಸಿದ್ದರಿಂದಲೇ ಬೀಟಲ್ಸ್ ಹಾಡುಗಳಲ್ಲಿ ಆ ತಿರುವು ಮುರುವು ಪೆಟ್ಟುಗಳು. ಆ ತಂಡದ 1967ರ ‘ಸಾರ್ಜೆಂಟ್ ಪೆಪ್ಪರ್ಸ್’ ಆಲ್ಬಮ್ ಧ್ವನಿಮುದ್ರಣವಾದದ್ದು ನಾಲ್ಕೇ ಟ್ರ್ಯಾಕಿನ ಟೇಪಿನಲ್ಲಿ. ನಾಲ್ಕು ತುಂಬಿದರೆ ಅವನ್ನು ಒಂದಾಗಿಸಿ ಇನ್ನೊಂದು ಟೇಪಿಗೆ ಇಳಿಸಬೇಕು, ಒಮ್ಮೆ ಬೆರೆತದ್ದನ್ನು ಮತ್ತೆ ಬಿಡಿಸಲಾಗದು. ಯಾವ ವಾದ್ಯ ಎಷ್ಟು ಕೇಳಬೇಕೆಂದು ಆಗಿಂದಾಗಲೇ ತೀರ್ಮಾನಿಸಲೇಬೇಕಿತ್ತು. ಆ ಹಾಡುಗಳಲ್ಲಿ ಬೇಡದ ದನಿ ಒಂದೂ ಇಲ್ಲದಿರುವುದಕ್ಕೆ ಇದೂ ಕಾರಣ.

ರಾಕಿನ ಬೇರು ಬ್ಲೂಸ್. ಆಫ್ರಿಕಾದಿಂದ ಗುಲಾಮರಾಗಿ ತಂದವರ ಮಕ್ಕಳು ಮೊಮ್ಮಕ್ಕಳು ಅಮೆರಿಕದ ದಕ್ಷಿಣದಲ್ಲಿ ಹಾಡಿಕೊಂಡದ್ದು. ಹನ್ನೆರಡು ಮಾತ್ರೆಗಟ್ಟು, ಮೂರು ಸ್ವರಗುಚ್ಛ, ಅದರಾಚೆ ಬಹುಪಾಲು ಏನೂ ಇಲ್ಲ. ಉತ್ತರ ಕನ್ನಡದ ನಮ್ಮ ಮಂಚಿಕೇರಿಯವರಿಗೆ ಇದು ದೂರದ ಕತೆಯೆನಿಸಬೇಕಿಲ್ಲ. ನಮ್ಮ ಸುತ್ತಲಿನ ಸಿದ್ದಿಗಳ ಹಿರಿಯರೂ ಬಲವಂತದಿಂದ ಸಮುದ್ರ ದಾಟಿಸಲ್ಪಟ್ಟವರು. ಬ್ಲೂಸಿನವರ ಮೂಲ ಹೆಚ್ಚಾಗಿ ಆಫ್ರಿಕಾದ ಪಶ್ಚಿಮ, ಸಿದ್ದಿಗಳದ್ದು ಪೂರ್ವ. ಆದ್ದರಿಂದ ಎರಡೂ ಒಂದೇ ಎನ್ನಲಾಗದು. ಆದರೆ ಸಿದ್ದಿಗಳ ಚರ್ಮವಾದ್ಯ ದಮಾಮಿಯ ಪೆಟ್ಟಿಗೆ ಕಾಲು ತಾನಾಗಿ ಕುಣಿಯುವುದನ್ನು ಬಲ್ಲವರಿಗೆ, ಒಂದೇ ಲಯವನ್ನು ಬಿಡದೆ ಹಿಡಿದು ಅದರಿಂದಲೇ ಉನ್ಮಾದ ಏರಿಸುವುದೆಂದರೇನೆಂದು ವಿವರಿಸಿ ಹೇಳಬೇಕಿಲ್ಲ.

ಇಲ್ಲಿ ಏಳುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ಕೊರತೆಯನ್ನು ಹೀಗೆ ಹೊಗಳುವುದು ಉಂಡವರ ಮಾತು, ಕಾರ್ಖಾನೆಯಲ್ಲಿ ಬೆರಳು ಕಳೆದುಕೊಂಡವರೆಲ್ಲ ಅಯೋಮಿ ಆಗಲಿಲ್ಲ ಎನ್ನಬಹುದು. ನಿಜವೇ. ಗಡಸು ನೀರಿದ್ದ ಊರಲ್ಲೆಲ್ಲ ಸ್ಟೌಟ್ ಹುಟ್ಟಲಿಲ್ಲ. ಇಕ್ಕಟ್ಟು ತಾನಾಗಿ ಏನನ್ನೂ ಕೊಡುವುದಿಲ್ಲ. ಅದನ್ನು ಮುಚ್ಚಿಡದೆ ಅದರ ಜೊತೆ ಕೆಲಸ ಮಾಡುವವನಿಗೆ ಮಾತ್ರ ಕೊಡುತ್ತದೆ. ಅದಕ್ಕೂ ಯಾರಾದರೂ ದಾರಿ ತೋರಬೇಕು. ಆಸ್ಪತ್ರೆಯಿಂದ ಬಂದು ಕಂಗೆಟ್ಟು ಕೂತ ಅಯೋಮಿಗೆ ಕಾರ್ಖಾನೆಯ ಮೇಲ್ವಿಚಾರಕ ಜ್ಯಾಂಗೊ ರೈನ್‌ಹಾರ್ಟ್‌ನ ರೆಕಾರ್ಡು ತಂದು ಕೇಳಿಸಿದ. ಬೆಂಕಿ ಅನಾಹುತದಲ್ಲಿ ಎಡಗೈ ಸುಟ್ಟು, ಮುಖ್ಯವಾಗಿ ಎರಡೇ ಬೆರಳುಗಳಲ್ಲಿ ಜಾಜ್ ಗಿಟಾರ್ ನುಡಿಸಿದ ಮಹಾನುಭಾವ ಜ್ಯಾಂಗೊ.

ಎರಡನೆಯ ಆಕ್ಷೇಪ ಕಾಲದ್ದು. ಇಂದು ಆರ್‌ಒ ಯಂತ್ರದಿಂದ ನೀರಿನ ಲವಣವನ್ನೆಲ್ಲ ತೆಗೆದು, ಬೇಕಾದ ಊರಿನ ನೀರಿನ ಲೆಕ್ಕಕ್ಕೆ ಬೇಕಾದ್ದನ್ನು ಸೇರಿಸಬಹುದು. ಯೀಸ್ಟ್ ಪೊಟ್ಟಣದಲ್ಲಿ ಬರುತ್ತದೆ, ಒಂದು ಹಾಡಿಗೆ ನೂರು ಟ್ರ್ಯಾಕು ಕಂಪ್ಯೂಟರಿನಲ್ಲೇ ಸಿಗುತ್ತದೆ. ಹೇರಿದ ಇಕ್ಕಟ್ಟೇ ಇಲ್ಲವಾದ ಮೇಲೆ ಈ ವಾದಕ್ಕೆ ಬೆಲೆಯೇನು? ನನ್ನ ಉತ್ತರ: ಹೇರಿದ ಕಟ್ಟು ಬಿಚ್ಚಿಹೋದ ಮೇಲೂ ಬಲ್ಲವರು ತಾವೇ ಕಟ್ಟು ಹಾಕಿಕೊಂಡಿದ್ದಾರೆ. ಕ್ರೈಸ್ತ ಸನ್ಯಾಸಿ ಪಂಥವಾದ ಟ್ರ್ಯಾಪಿಸ್ಟರ ಮುದ್ರೆ ಬೇಕಾದರೆ ಬಿಯರನ್ನು ಮಠದ ಗೋಡೆಯೊಳಗೆ ಅಥವಾ ಅದರ ಪಕ್ಕದಲ್ಲೇ, ಸನ್ಯಾಸಿಗಳ ಕಣ್ಣೆದುರೇ ಮಾಡಬೇಕು. ಬಂದ ಹಣ ಮಠದ ಖರ್ಚಿಗೆ ಮತ್ತು ದಾನಕ್ಕೆ. ಬೆಲ್ಜಿಯಂನ ಓರ್ವಾಲ್ ಮಠ ಹೊರಗೆ ಮಾರುವುದು ಮುಖ್ಯವಾಗಿ ಒಂದೇ ಬಿಯರು. ಬಾಟಲಿಯೊಳಗೆ ಬ್ರೆಟನೊಮೈಸಿಸ್ ಎಂಬ ಕಾಡು ಯೀಸ್ಟ್ ಕೆಲಸ ಮಾಡುತ್ತಲೇ ಇರುವುದರಿಂದ ಮೂರು ತಿಂಗಳ ಬಾಟಲಿಗೂ ವರ್ಷದ ಬಾಟಲಿಗೂ ರುಚಿ ಬೇರೆ. ಮಿಡಿ ಉಪ್ಪಿನಕಾಯಿಯ ಹೊಸ ಭರಣಿ, ಹಳೆ ಭರಣಿಯ ವ್ಯತ್ಯಾಸ ಬಲ್ಲ ನಾಲಿಗೆಗೆ ಇದು ಥಟ್ಟನೆ ತಿಳಿಯುತ್ತದೆ. ರೋಲಿಂಗ್ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್ ಗಿಟಾರಿನ ಆರನೆಯ ತಂತಿಯನ್ನೇ ಕಿತ್ತುಹಾಕಿ, ಉಳಿದ ಐದನ್ನು ಬೇರೆ ಶ್ರುತಿಗೆ ತಂದುಕೊಂಡ. ಆ ತಂಡದ ಗುರುತೇ ಆದ ಎಷ್ಟೋ ಹಾಡುಗಳು ಆ ಐದು ತಂತಿಗಳಲ್ಲಿವೆ.

ಈ ಅಳತೆಗೋಲು ಹಿಡಿದು ಬೆಂಗಳೂರನ್ನು ನೋಡಬೇಕು, ಏಕೆಂದರೆ ನಮ್ಮ ನಾಡಿನಲ್ಲಿ ಬಿಯರು ಮತ್ತು ರಾಕ್ ಎರಡರ ಊರೂ ಅದೇ. ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್‌ಲ್ಯಾಂಡಿನವ ದಕ್ಷಿಣದ ಐದು ಬ್ರೂವರಿಗಳನ್ನು ಸೇರಿಸಿ 1915ರಲ್ಲಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. 2003ರ ಏಪ್ರಿಲ್ 4ರಂದು ರೋಲಿಂಗ್ ಸ್ಟೋನ್ಸ್, 2007ರ ಮಾರ್ಚ್ 17ರಂದು ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಅರಮನೆ ಮೈದಾನದಲ್ಲಿ ನುಡಿಸಿದವು. ಅದೇ 2011ರ ಹೊತ್ತಿಗೆ ದಿ ಬಿಯರ್ ಕ್ಲಬ್, ಟಾಯ್ಟ್‌ನಂಥ ಕಡೆ ಅಲ್ಲೇ ಕಾಯಿಸಿ, ಅಲ್ಲೇ ಹುಳಿಸಿ, ಅಲ್ಲೇ ಬಡಿಸುವ ಕ್ರಾಫ್ಟ್ ಬಿಯರು ಶುರುವಾಯಿತು. ಹದಿನೈದು ವರ್ಷದೊಳಗೆ ಕನ್ನಡಿಗರ ನಾಲಿಗೆ ‘ಸ್ಟ್ರಾಂಗ್’ ಬಾಟಲಿಯ ಏಕತಾನದಿಂದ ಇಷ್ಟು ದೂರ ಬಂದದ್ದು ಸಣ್ಣ ಸಾಧನೆಯಲ್ಲ, ಅದನ್ನು ಮನಸಾರೆ ಮೆಚ್ಚುತ್ತೇನೆ. ಆದರೆ ಈಚೆಗೆ ಹಣ್ಣಿನ ರಸ, ಚಾಕೊಲೇಟು, ಮಸಾಲೆಗಳನ್ನು ಹುಳಿದ ಮೇಲೆ ಬೆರೆಸಿ ವಾರಕ್ಕೊಂದು ಹೊಸ ಹೆಸರಿಡುವ ಚಟ ಹೆಚ್ಚಿದೆ. ಅಂಥ ಬಿಯರಿನ ಮೊದಲ ಗುಟುಕಿನಲ್ಲಿ ಹಣ್ಣು ಸಿಗುತ್ತದೆ, ಮೂರನೆಯದರಲ್ಲಿ ಏನೂ ಸಿಗುವುದಿಲ್ಲ. ರಾಗಿಯನ್ನೋ ಅಕ್ಕಿಯನ್ನೋ ಧಾನ್ಯವಾಗಿಯೇ ಬೇಯಿಸಿ ಮಾಡಿದ ಬಿಯರುಗಳ ಮಾತು ಬೇರೆ. ಅಲ್ಲಿ ಧಾನ್ಯ ಯೀಸ್ಟಿನ ಜೊತೆ ಸೆಣಸಿ ತನ್ನ ರುಚಿ ತಾನು ಗಳಿಸಿಕೊಂಡಿರುತ್ತದೆ. ಸಂಗೀತದಲ್ಲೂ ಹಾಗೆಯೇ. ಇಂಗ್ಲಿಷ್ ಹಾಡನ್ನು ಯಥಾವತ್ತಾಗಿ ಒಪ್ಪಿಸುವ ತಂಡಗಳಿಗಿಂತ, ಶಿಶುನಾಳ ಷರೀಫರ ಪದವನ್ನು ಅದರ ಓಟ ಕೆಡದಂತೆ ಗಿಟಾರಿಗೆ ತಂದ ರಘು ದೀಕ್ಷಿತರು ನನಗೆ ಬಹಳ ಮುಂದಿದ್ದಾರೆ.

ಅಡಕೆ ತೋಟದ ಊರಿನಲ್ಲಿ ಕೂತು ಹೆಂಡದ ರುಚಿ ಬಣ್ಣಿಸುವುದು ಸರಿಯೇ ಎಂದು ಕೇಳುವ ಓದುಗರಿಗೂ ಉತ್ತರ ಕೊಡಬೇಕು. ಕುಡಿತ ಎಷ್ಟು ಮನೆಗಳನ್ನು ಮುರಿದಿದೆ ಎಂಬುದು ಈ ಸೀಮೆಯ ಯಾರಿಗೂ ಗೊತ್ತಿಲ್ಲದ್ದಲ್ಲ. ಆರೋಗ್ಯದ ಲೆಕ್ಕದಲ್ಲಿ ಮದ್ಯಕ್ಕೆ ಸುರಕ್ಷಿತ ಪ್ರಮಾಣವೆಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಅದನ್ನು ಅಲ್ಲಗಳೆಯುವ ಯಾವ ವಾದವೂ ನನ್ನಲ್ಲಿಲ್ಲ. ಕುಡಿಯದವರು ಖಂಡಿತ ಶುರು ಮಾಡಬಾರದು, ಅವರಿಗೆ ಈ ಬರಹದ ಸಂಗೀತದ ಪಾಲು ಸಾಕು. ಕುಡಿಯುವವರಿಗೆ ಹೇಳುವುದಿಷ್ಟು: ರುಚಿಗೆ ಗಮನ ಕೊಡುವವನು ಒಂದು ಗ್ಲಾಸನ್ನು ಗಂಟೆ ಹಿಡಿದು ಕೂರುತ್ತಾನೆ. ಅಮಲಿಗಾಗಿ ಕುಡಿಯುವವನಿಗೆ ಬಾಳೆಹಣ್ಣೂ ಸಿಗದು, ಲವಂಗವೂ ಸಿಗದು.

ಕೊನೆಗೆ ಬೆಂಗಳೂರಿನ ಬ್ರೂವರಿಗಳಿಗೆ ಒಂದು ಕೋರಿಕೆ ಇದೆ. ಬ್ರಸೆಲ್ಸಿನ ಸುತ್ತಲಿನ ಲ್ಯಾಂಬಿಕ್ ಬಿಯರಿಗೆ ಯಾರೂ ಯೀಸ್ಟ್ ಹಾಕುವುದಿಲ್ಲ. ಚಳಿಗಾಲದ ರಾತ್ರಿ ಅಗಲವಾದ ತೆರೆದ ತೊಟ್ಟಿಯಲ್ಲಿ ಆರಲು ಬಿಟ್ಟ ರಸಕ್ಕೆ ಗಾಳಿಯಲ್ಲಿದ್ದ ಯೀಸ್ಟ್ ತಾನಾಗಿ ಬಂದು ಸೇರುತ್ತದೆ, ಮರದ ಪೀಪಾಯಿಯಲ್ಲಿ ಒಂದರಿಂದ ಮೂರು ವರ್ಷ ಕೂತು ಅದು ಹುಳಿಯುತ್ತದೆ. ನಮ್ಮ ಕಾಡಿನ ಬೈನೆ ಮರದ ಗೊನೆ ಕೊಯ್ದು ಕಟ್ಟಿದ ಮಡಕೆಯಲ್ಲಿ ಬೆಳಗಾಗುವಷ್ಟರಲ್ಲಿ ನೊರೆ ಏಳುವುದೂ ಇಂಥದೇ ಯೀಸ್ಟಿನಿಂದ. ಜರ್ಮನಿಯ ಮಾಲ್ಟ್, ಅಮೆರಿಕದ ಹಾಪ್ಸ್, ಪೊಟ್ಟಣದ ಯೀಸ್ಟ್ ತರಿಸುವ ಖರ್ಚಿನಲ್ಲಿ ಸ್ವಲ್ಪವನ್ನು ಇತ್ತ ತಿರುಗಿಸಿ. ಆ ಮಡಕೆಯ ಯೀಸ್ಟನ್ನು ಬೇರ್ಪಡಿಸಿ, ಮಲೆನಾಡಿನ ಮೆದು ನೀರಿನಲ್ಲಿ ಒಂದೇ ಒಂದು ಬಿಯರು ಮಾಡಿ ನೋಡಿ, ಬೇರೇನನ್ನೂ ಬೆರೆಸದೆ.