ಸದ್ದಿಳಿದ ಮೇಲೆ ಕೇಳಿಸಿದ ಬಾಜಾ

ಎಚ್‌ಪಿಐ ಬಾಜಾ 5ಬಿ ಎಂಬ ರಿಮೋಟ್ ಬಂಡಿಯನ್ನು ಮೊದಲು ಎರಡೂ ಕೈಯಿಂದ ಎತ್ತಿ ನೋಡಬೇಕು. ಸುಮಾರು 10 ಕಿಲೋ ಭಾರ ತೋಳಿಗೆ ಇಳಿಯುತ್ತಿದ್ದಂತೆ ‘ಆಟದ ಕಾರು’ ಎಂಬ ಮಾತು ಬಾಯಿಗೇ ಬರುವುದಿಲ್ಲ. ಮೆಕ್ಸಿಕೋದ ಬಾಜಾ ಮರಳುಗಾಡಿನಲ್ಲಿ ಧೂಳೆಬ್ಬಿಸುವ ರೇಸ್ ಬಗ್ಗಿಗಳ ಐದನೇ ಒಂದು ಅಳತೆ ಇದರದು. ಉದ್ದ 80 ಸೆಂಟಿಮೀಟರಿಗೂ ಮಿಗಿಲು. ಕೆಳಗೆ ತಣ್ಣನೆಯ ಅಲ್ಯೂಮಿನಿಯಂ ತಗಡು, ನಾಲ್ಕು ಮೂಲೆಗೂ ಹೆಬ್ಬೆರಳಿಗಿಂತ ದಪ್ಪನೆಯ ಶಾಕ್‌ಗಳು, ಅಂಗೈ ಮೀರಿ ಹೊರಚಾಚುವ ಮುಳ್ಳು ಟೈರುಗಳು. ಹಿಂದಿನ ಟೈರಿನ ವ್ಯಾಸವೇ 170 ಮಿಲಿಮೀಟರ್. ಹಿಂಭಾಗವನ್ನು ನೆಲದತ್ತ ಒತ್ತಿ ಬಿಡಿ. ಬಂಡಿ ಪುಟಿದೇಳುವುದಿಲ್ಲ. ಶಾಕ್ ಒಳಗಿನ ದಪ್ಪನೆಯ ಎಣ್ಣೆ ಸಣ್ಣ ಸಣ್ಣ ತೂತುಗಳಲ್ಲಿ ನುಸುಳುತ್ತದೆ, ಬಂಡಿ ನಿಧಾನವಾಗಿ, ಗಂಭೀರವಾಗಿ, ತನ್ನ ಎತ್ತರಕ್ಕೆ ತಾನೇ ಬಂದು ನಿಲ್ಲುತ್ತದೆ. ಆ ಏಳುವ ಗತ್ತಿಗೇ ನಾನು ಮನಸೋತದ್ದು.

ಮೂಲದಲ್ಲಿ ಇದರ ಬೆನ್ನಿಗಿದ್ದದ್ದು 23 ಸಿಸಿಯ ಟೂ-ಸ್ಟ್ರೋಕ್ ಪೆಟ್ರೋಲ್ ಎಂಜಿನ್. ನಮ್ಮ ಗೌರಿಬಿದನೂರು ತಾಲ್ಲೂಕಿನ ತೊಂಡೇಬಾವಿಯ ಸುತ್ತಿನ ತೋಟಗಳಲ್ಲಿ ಹೆಗಲಿಗೆ ನೇತುಹಾಕಿಕೊಂಡು ಕಳೆ ಹೊಡೆಯುವ ಬ್ರಷ್ ಕಟರ್ ಇದೆಯಲ್ಲ, ಅದರ ಎಂಜಿನ್ನಿಗೂ ಇದಕ್ಕೂ ಒಂದೇ ಕುಲ. ಈ ಅಳತೆಯ ಬಂಡಿಗಳ ಎಂಜಿನ್ನಿಗೆ ಹೆಸರಾದ ಜಪಾನಿನ ಝೆನೋವಾ ಕಂಪನಿ ಮರ ಕೊಯ್ಯುವ ಗರಗಸಕ್ಕೂ ಕಳೆ ಕಟರಿಗೂ ಎಂಜಿನ್ ಮಾಡಿದ ಮನೆತನ. ಒಂದು ಲೀಟರ್ ಪೆಟ್ರೋಲಿಗೆ 40 ಮಿಲಿಲೀಟರ್ ಟೂ-ಟಿ ಎಣ್ಣೆ ಬೆರೆಸಿ, ದಾರ ಎಳೆದು ಎಬ್ಬಿಸಿದರೆ ಮೊದಲು ನೀಲಿ ಹೊಗೆ, ಆಮೇಲೆ ಎದೆಗೆ ತಾಕುವ ಗುಡುಗು. ಅದಕ್ಕೂ ಅದರದೇ ಚೆಲುವಿದೆ. ಬಿಸಿಯಾದ ಸಿಲಿಂಡರಿನ ವಾಸನೆ, ಕಾರ್ಬುರೇಟರಿನ ಸೂಜಿಯನ್ನು ಕೂದಲೆಳೆಯಷ್ಟು ತಿರುಗಿಸಿದಾಗ ಬದಲಾಗುವ ಕೊರಳು, ಇವೆಲ್ಲ ಬಲ್ಲವರ ಸುಖಗಳು.

ಆದರೆ ಆ ಎಂಜಿನ್ನಿಗೆ ತಾನೊಬ್ಬನೇ ಮಾತಾಡುವ ಸ್ವಭಾವ. ಮದುವೆಮನೆಯಲ್ಲಿ ವಾಲಗ ಜೋರಾದಾಗ ಪುರೋಹಿತರ ಮಂತ್ರ ಕೇಳಿಸದ ಹಾಗೆ, ಅದು ಕೂಗುತ್ತಿರುವಷ್ಟು ಹೊತ್ತೂ ಬಂಡಿಯ ಉಳಿದ ಅಂಗಗಳ ದನಿ ಮುಚ್ಚಿಹೋಗುತ್ತದೆ. ಇನ್ನೊಂದು ಮಾತು. ಟೂ-ಸ್ಟ್ರೋಕಿಗೆ ನಿಂತಲ್ಲಿಂದ ಎಳೆಯುವ ಬಲವಿಲ್ಲ. ಸಾವಿರಾರು ಸುತ್ತು ಏರಿದ ಮೇಲೆಯೇ ಕ್ಲಚ್ಚಿನ ಶೂಗಳು ಹೊರಚಾಚಿ ಸುತ್ತಲಿನ ಬೆಲ್ ಎಂಬ ಬಟ್ಟಲನ್ನು ಹಿಡಿಯಬೇಕು, ಆಗ ಬಂಡಿ ಗಕ್ಕನೆ ಜಿಗಿಯುತ್ತದೆ. ನಿಲುವಿಗೂ ಓಟಕ್ಕೂ ನಡುವಿನ ಆ ನವಿರಾದ ಜಾಗ, ಬಂಡಿ ಹೊರಡಲೋ ಬೇಡವೋ ಎನ್ನುವ ಗಳಿಗೆ, ಪೆಟ್ರೋಲ್ ಬಾಜಾದಲ್ಲಿ ಇಲ್ಲವೇ ಇಲ್ಲ. ಬ್ರಷ್‌ಲೆಸ್ ವಿದ್ಯುತ್ ಮೋಟಾರಿಗೆ ಬದಲಿಸುವವರು ವೇಗಕ್ಕಾಗಿ ಬದಲಿಸುತ್ತಾರೆ ಎಂದು ಜನ ಅಂದುಕೊಳ್ಳುತ್ತಾರೆ. ನನ್ನ ಮಟ್ಟಿಗೆ ಅದು ಈ ಜಾಗಕ್ಕಾಗಿ, ಮತ್ತು ಮುಚ್ಚಿಹೋದ ಆ ದನಿಗಳಿಗಾಗಿ.

ಬಿಚ್ಚುವುದರಲ್ಲೇ ಅರ್ಧ ಸುಖವಿದೆ. ಟ್ಯಾಂಕು, ಏರ್ ಫಿಲ್ಟರ್, ಸೈಲೆನ್ಸರ್, ಕ್ಲಚ್, ಬೆಲ್, ಕೊನೆಗೆ ಎಂಜಿನ್, ಹೀಗೆ ಒಂದೊಂದೇ ಮೇಜಿನ ಮೇಲೆ ಬಂದು ಕೂರುತ್ತವೆ. ಕೆಳಗಿನ ತಗಡಿನ ಮೇಲೆ ಎಣ್ಣೆಯೂ ನಮ್ಮ ಕೆಮ್ಮಣ್ಣೂ ಬೆರೆತು ಕಟ್ಟಿದ ಕಪ್ಪು ಕಿಟ್ಟ. ಸೀಮೆಎಣ್ಣೆ, ಹಳೆಯ ಹಲ್ಲುಜ್ಜುವ ಬ್ರಷ್ಷು, ಒಂದು ಮಧ್ಯಾಹ್ನದ ಸಹನೆ ಇದ್ದರೆ ಅದರಡಿಯ ಬೆಳ್ಳಿ ಬಣ್ಣ ಮತ್ತೆ ಮೇಲೆ ಬರುತ್ತದೆ. ಇನ್ನು ಮುಂದೆ ಇಲ್ಲಿ ಜಿಡ್ಡು ಕೂರುವುದಿಲ್ಲವಲ್ಲ ಎಂಬ ಖುಷಿಯಲ್ಲಿ ಉಜ್ಜುವ ಕೈಗೆ ದಣಿವೇ ಗೊತ್ತಾಗುವುದಿಲ್ಲ.

ಈಗ ಮೋಟಾರು. ನಾನು ಆರಿಸಿಕೊಂಡದ್ದು ಹಾಬಿವಿಂಗ್ ಕಂಪನಿಯ 56113: 56 ಮಿಲಿಮೀಟರ್ ದಪ್ಪ, 113 ಮಿಲಿಮೀಟರ್ ಉದ್ದ. ಕಪ್ಪು ಮೈ, ಸುತ್ತಲೂ ಬಿಸಿ ಬಿಡುವ ರೆಕ್ಕೆಗಳು, ತುದಿಯಲ್ಲಿ 8 ಮಿಲಿಮೀಟರಿನ ಉಕ್ಕಿನ ಶಾಫ್ಟ್. ಕೈಯಲ್ಲಿ ಹಿಡಿದು ಆ ಶಾಫ್ಟನ್ನು ಎರಡು ಬೆರಳಲ್ಲಿ ಮೆಲ್ಲಗೆ ತಿರುಗಿಸಿ ನೋಡಿ. ಅದು ಸುಮ್ಮನೆ ತಿರುಗುವುದಿಲ್ಲ. ಒಂದು ಕಡೆ ತಡೆಯುತ್ತದೆ, ಆಮೇಲೆ ತಾನೇ ಮುಂದಕ್ಕೆ ಸೆಳೆಯುತ್ತದೆ, ಮತ್ತೆ ತಡೆಯುತ್ತದೆ. ಒಳಗಿನ ಅಯಸ್ಕಾಂತಗಳು ಕಬ್ಬಿಣದ ಹಲ್ಲುಗಳನ್ನು ಹುಡುಕಿಕೊಂಡು ಹೋಗುವ ಪರಿ ಅದು. 1980ರ ದಶಕದಲ್ಲಿ ಜಪಾನಿನ ಮಸಾತೊ ಸಗಾವಾ ನಿಯೋಡಿಮಿಯಂ, ಕಬ್ಬಿಣ, ಬೋರಾನ್ ಪುಡಿಯನ್ನು ಒತ್ತಿ ಸುಟ್ಟು ಮಾಡಿದ ಅಯಸ್ಕಾಂತ ಬಂದಿರದಿದ್ದರೆ ಇಷ್ಟು ಚಿಕ್ಕ ಉರುಳೆಯಲ್ಲಿ ಇಷ್ಟು ಸೆಳೆತ ಕೂರುತ್ತಿರಲಿಲ್ಲ. ಉಜ್ಜಿ ಸವೆಯುವ ಕಾರ್ಬನ್ ಬ್ರಷ್ ಇದರಲ್ಲಿಲ್ಲ. ಬೇರಿಂಗ್ ಬಿಟ್ಟರೆ ಒಳಗೆ ಯಾವುದೂ ಯಾವುದನ್ನೂ ಮುಟ್ಟುವುದಿಲ್ಲ.

ಇದರ ಕೆವಿ 800. ಅಂದರೆ ಒಂದು ವೋಲ್ಟಿಗೆ ನಿಮಿಷಕ್ಕೆ 800 ಸುತ್ತು. ಎಂಟು ಸೆಲ್ಲಿನ ಲೈಪೊ ಬ್ಯಾಟರಿ 29.6 ವೋಲ್ಟ್ ಕೊಟ್ಟರೆ ಲೆಕ್ಕಕ್ಕೆ 23,680 ಸುತ್ತು. ಒಳಗೆ ತಿರುಗುವ ನಾಲ್ಕು ಧ್ರುವದ ರೋಟರ್ ಆ ವೇಗದಲ್ಲಿ ಸುತ್ತಬೇಕಾದರೆ ಇಎಸ್‌ಸಿ ಎಂಬ ನಿಯಂತ್ರಕ ಮೂರು ತಂತಿಗಳ ನಡುವೆ ವಿದ್ಯುತ್ತಿನ ಹಾದಿಯನ್ನು ಸೆಕೆಂಡಿಗೆ ಸುಮಾರು 4,700 ಸಲ ಬದಲಿಸಬೇಕು. ಪ್ರತಿ ಸಲವೂ ರೋಟರ್ ಎಲ್ಲಿದೆ ಎಂದು ತಿಳಿದು ಬದಲಿಸಬೇಕು. ಕೈಯಗಲದ ಆ ಪೆಟ್ಟಿಗೆ ಇದನ್ನೆಲ್ಲ ತುಟಿಪಿಟಕ್ಕೆನ್ನದೆ ಮಾಡುತ್ತದೆ.

ಎಂಜಿನ್ ಕೂತ ಜಾಗಕ್ಕೆ ಮೋಟಾರು ಹಾಗೇ ಕೂರುವುದಿಲ್ಲ. ಮೌಂಟ್ ಬೇಕು. ಸಿದ್ಧ ಮೌಂಟ್ ತರಿಸಬಹುದು, ಆದರೆ ಗೌರಿಬಿದನೂರಿನ ಲೇತ್ ಅಂಗಡಿಯಲ್ಲಿ ನಿಂತು ಮಾಡಿಸುವ ಸೊಗಸೇ ಬೇರೆ. ಬೋರ್‌ವೆಲ್ ಮೋಟಾರಿನ ಶಾಫ್ಟ್, ಟ್ರ್ಯಾಕ್ಟರಿನ ಬುಷ್ ಮಾಡುವ ಕೈ ಅದು. ಕಾಗದದ ಮೇಲಿನ ನನ್ನ ನಕ್ಷೆಯನ್ನು ನೋಡಿ ಮೇಸ್ತ್ರಿ ಕೇಳಿದ್ದು ಒಂದೇ ಪ್ರಶ್ನೆ: “ಸಾರ್, ಇದು ಹಿಂದೆ ಮುಂದೆ ಸರಿಬೇಕಾ, ಒಂದೇ ಕಡೆ ನಿಲ್ಬೇಕಾ?” ಇಡೀ ಕೆಲಸದ ಮರ್ಮ ಆ ಪ್ರಶ್ನೆಯಲ್ಲಿತ್ತು. ಸರಿಯಬೇಕು, ಸರಿಯಾದ ಜಾಗ ಸಿಕ್ಕಮೇಲೆ ಮತ್ತೆಂದೂ ಸರಿಯಬಾರದು. ಅದಕ್ಕೇ ಬೋಲ್ಟಿನ ತೂತುಗಳನ್ನು ಉದ್ದುದ್ದ ಸೀಳುಗಳಾಗಿ ತೆಗೆದರು. ಮಿಲ್ಲಿಂಗ್ ಆದ ಮೇಲೆ ಅಂಚಿನ ಮುಳ್ಳನ್ನು ಅರದಿಂದ ಉಜ್ಜಿ, ಬೆರಳಾಡಿಸಿ ನೋಡಿ ಕೊಟ್ಟರು. ಆ ಅಂಚನ್ನು ನಾನು ಇವತ್ತಿಗೂ ಸವರುತ್ತೇನೆ.

ಮೋಟಾರಿನ ತುದಿಯ ಚಿಕ್ಕ ಗೇರು ಪಿನಿಯನ್ನನ್ನು ಬಂಡಿಯ ದೊಡ್ಡ ಸ್ಪರ್ ಗೇರಿಗೆ ಕೂಡಿಸುವ ಕ್ಷಣಕ್ಕೆ ಬಂದೆವು. ಇಲ್ಲಿ ಅವಸರ ಬೇಡ. ತೆಳ್ಳನೆಯ ಕಾಗದದ ಪಟ್ಟಿಯೊಂದನ್ನು ಎರಡು ಗೇರುಗಳ ಹಲ್ಲಿನ ನಡುವೆ ಇಡಬೇಕು. ಮೋಟಾರನ್ನು ಅದರತ್ತ ಮೆಲ್ಲನೆ ತಳ್ಳಬೇಕು. ಕಾಗದ ಹಿಡಿದುಕೊಂಡಿತೆನ್ನುವಾಗ ಬೋಲ್ಟ್ ಬಿಗಿ ಮಾಡಬೇಕು, ಅದರ ಥ್ರೆಡ್ಡಿಗೆ ನೀಲಿ ಲಾಕ್‌ಟೈಟಿನ ಒಂದು ಹನಿ ಹಚ್ಚಿ. ಆಮೇಲೆ ಗೇರನ್ನು ತಿರುಗಿಸಿದರೆ ಪಟ್ಟಿ ಹೊರಬರುತ್ತದೆ, ಮೈತುಂಬ ನಿರಿಗೆ ಹೊತ್ತು, ಎಲ್ಲೂ ಹರಿಯದೆ. ಆ ನಿರಿಗೆಗಳು ಉದ್ದಕ್ಕೂ ಒಂದೇ ಆಳದಲ್ಲಿ, ಒಂದೇ ದೂರದಲ್ಲಿ ಬಿದ್ದಿದ್ದರೆ ಹಲ್ಲುಗಳು ಒಂದನ್ನೊಂದು ಒಪ್ಪಿಕೊಂಡಿವೆ ಎಂದರ್ಥ. ಅಂಥ ಪಟ್ಟಿಯೊಂದನ್ನು ನಾನು ಎಸೆಯದೆ ಡೈರಿಯಲ್ಲಿ ಇಟ್ಟುಕೊಂಡಿದ್ದೇನೆ.

ತಂತಿಯ ಕೆಲಸವನ್ನು ಬೇಗ ಹೇಳಿ ಮುಗಿಸುತ್ತೇನೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುವ ಸಿಲಿಕಾನ್ ಹೊದಿಕೆಯ ದಪ್ಪ ತಂತಿ ಕೊಳ್ಳಿ. ಬಗ್ಗಿಸಿದಂತೆ ಬಗ್ಗುತ್ತದೆ, ಕಾವಿಗೆ ಕರಗುವುದಿಲ್ಲ. ಕನೆಕ್ಟರ್ ಕಿಡಿ ತಡೆಯುವ ಬಗೆಯದಾಗಿರಲಿ. ಇಎಸ್‌ಸಿಯ ಕೆಪಾಸಿಟರುಗಳು ಖಾಲಿ ಹೊಟ್ಟೆಯಲ್ಲಿರುವಾಗ 33.6 ವೋಲ್ಟಿನ ತುಂಬಿದ ಬ್ಯಾಟರಿ ನೇರವಾಗಿ ತಾಕಿದರೆ ಚಟ್ಟೆಂದು ಕಿಡಿ ಹಾರಿ ಚಿನ್ನದ ಲೇಪ ಕಪ್ಪಾಗುತ್ತದೆ. ಕನೆಕ್ಟರಿನ ಮೂತಿಯಲ್ಲೇ ಒಂದು ಪುಟ್ಟ ರೆಸಿಸ್ಟರ್ ಇದ್ದರೆ ವಿದ್ಯುತ್ತು ಮೊದಲು ಅದರ ಮೂಲಕ ಮೆಲ್ಲಗೆ ಒಳಬರುತ್ತದೆ.

ಸ್ವಿಚ್ಚು ಒತ್ತಿದಾಗ ಬಂಡಿ ತನ್ನ ಸೆಲ್ಲುಗಳನ್ನು ಎಣಿಸಿ ಹೇಳುತ್ತದೆ: ಪೀ, ಪೀ, ಪೀ, ಹೀಗೆ ಎಂಟು ಸಲ. ಇದಕ್ಕಾಗಿ ಒಳಗೆ ಸ್ಪೀಕರೇನೂ ಇಲ್ಲ. ಮೋಟಾರಿನ ತಾಮ್ರದ ಸುರುಳಿಗಳಿಗೇ ಇಎಸ್‌ಸಿ ಸಣ್ಣ ಮಿಡಿತ ಕೊಟ್ಟು ಹಾಡಿಸುತ್ತದೆ. ಬಂಡಿಯನ್ನು ಓಡಿಸುವ ಅಂಗವೇ ಅದರ ಕೊರಳೂ ಆಗಿರುವ ಈ ಚಮತ್ಕಾರ ನನಗೆ ಹಳತಾಗಿಲ್ಲ.

ರಾಗಿ ಕೊಯ್ಲು ಮುಗಿದು ಹೊಲಗಳು ತೆರವಾದ ದಿನಗಳೇ ಇದಕ್ಕೆ ಸರಿ. ಟ್ರಿಗರಿನ ಮೇಲೆ ಬೆರಳಿಟ್ಟು, ಒತ್ತದೆ, ಬರೀ ಮನಸ್ಸು ಮಾಡಿದಷ್ಟು ಅದುಮಿ. ರೋಟರ್ ಎಲ್ಲಿದೆ ಎಂದು ತಿಳಿಸುವ ಸೆನ್ಸರ್ ಇರುವ ಮೋಟಾರಾದರೆ ಆ ದೊಡ್ಡ ಟೈರುಗಳು ಮುಳ್ಳೊಂದೊಂದನ್ನೇ ನೆಲಕ್ಕೆ ಊರುತ್ತ, ಎಣಿಸಬಹುದಾದಷ್ಟು ನಿಧಾನವಾಗಿ, ಉರುಳತೊಡಗುತ್ತವೆ. ಜಿಗಿತವಿಲ್ಲ, ನಡುಕವಿಲ್ಲ. ಬೆರಳು ಇನ್ನಷ್ಟು ಬಾಗಿದಂತೆ ಅದೇ ನಡಿಗೆ ಓಟವಾಗುತ್ತದೆ. ಎಲ್ಲಿ ನಡಿಗೆ ಮುಗಿಯಿತು, ಎಲ್ಲಿ ಓಟ ಶುರುವಾಯಿತು ಎಂದು ತೋರಿಸಲಾಗದು.

ಆಗ ಕಿವಿಗಳು ತೆರೆಯುತ್ತವೆ. ಕೂಳೆ ಹೊಲದಲ್ಲಿ ಬಂಡಿಯ ಹೊಟ್ಟೆಗೆ ರಾಗಿ ಕೂಳೆಗಳು ಸವರಿ ಸರಸರ ಎನ್ನುತ್ತವೆ. ಕೆಂಪು ಗರಜಿನ ದಾರಿಗೆ ಬಂದರೆ ಸಣ್ಣ ಕಲ್ಲುಗಳು ಅಲ್ಯೂಮಿನಿಯಂ ತಗಡಿಗೆ ಬಡಿದು ಕಿಣಿಕಿಣಿ ಎನ್ನುತ್ತವೆ. ನೀರಿಂಗಿದ ಕೆರೆಯಂಗಳದ ಬಿರಿದ ಜೇಡಿಯ ಮೇಲೆ ಟೈರು ಹೆಂಟೆ ಹೆಂಟೆ ದಾಟುವಾಗ ಧಡಧಡ, ಅದರಡಿಯಲ್ಲಿ ಶಾಕಿನ ಎಣ್ಣೆ ಉಸಿರೆಳೆದು ಬಿಡುವ ಸಣ್ಣ ಸುಯ್ಯು. ಈ ಎಲ್ಲದರ ಮೇಲೆ ಶ್ರುತಿಯಾಗಿ ಗೇರುಗಳ ತೆಳ್ಳನೆಯ ಝೇಂಕಾರ. ವೇಗ ಏರಿದಂತೆ ಏರುತ್ತದೆ, ಬೆರಳು ಬಿಟ್ಟಾಗ ಮೀಂಡಿನಲ್ಲಿ ಇಳಿಯುತ್ತದೆ. ಬಂಡಿ ಮೊದಲಿನದೇ, ಶಾಕ್ ಮೊದಲಿನದೇ. ಇದನ್ನೆಲ್ಲ ಅದು ಮೊದಲೂ ಹೇಳುತ್ತಿತ್ತು. ಈಗ ಕೇಳಿಸುತ್ತಿದೆ. ಸುತ್ತ ನಿಂತ ಹುಡುಗರಲ್ಲೊಬ್ಬ “ಅಣ್ಣಾ, ಪೆಟ್ರೋಲ್ ಎಲ್ಲಿ ಹಾಕೋದು?” ಎಂದ. ಬ್ಯಾಟರಿ ತೋರಿಸಿದಾಗ ಅವನು ಮೊದಲು ಮಾಡಿದ ಕೆಲಸ ಬಗ್ಗಿ ಕಿವಿಯನ್ನು ಮೋಟಾರಿನ ಹತ್ತಿರ ತಂದದ್ದು. ರಸಿಕನ ಲಕ್ಷಣ!

ಸದ್ದು ಎನ್ನುವಾಗ ಕಿವಿಗೆ ಕೇಳದ ಸದ್ದೂ ನೆನಪಾಗುತ್ತದೆ. ಪೆಟ್ರೋಲ್ ಎಂಜಿನ್ನಿನ ಸ್ಪಾರ್ಕ್ ಪ್ಲಗ್ ಒಂದೊಂದು ಕಿಡಿಗೂ ರೇಡಿಯೊ ಗದ್ದಲ ಎಬ್ಬಿಸುತ್ತದೆ. ರಿಮೋಟಿನ ಸಂದೇಶ ಕೆಡದಿರಲೆಂದೇ ಈ ಬಂಡಿಗಳಿಗೆ ಒಳಗೆ ರೆಸಿಸ್ಟರ್ ಇರುವ ಪ್ಲಗ್ ಹಾಕುವುದು. ನಮ್ಮ ತಾಲ್ಲೂಕಿನಲ್ಲೇ, ಗೌರಿಬಿದನೂರಿನ ಬಳಿ, 1976ರಿಂದ 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶಕ್ಕೆ ಕಿವಿಗೊಟ್ಟ ರೇಡಿಯೊ ದೂರದರ್ಶಕವಿದೆ. ಅದರ ಒಂದು ತೋಳು ಪೂರ್ವ ಪಶ್ಚಿಮವಾಗಿ 1.4 ಕಿಲೋಮೀಟರ್ ಚಾಚಿದೆ, ಒಟ್ಟು ಸಾವಿರ ಡೈಪೋಲುಗಳು. ಅಂಥ ನೆರೆಹೊರೆಯಲ್ಲಿ ಕಿಡಿಯಿಲ್ಲದ ಬಂಡಿ ಓಡಿಸುವುದು ನನಗೆ ಮರ್ಯಾದೆಯ ವಿಷಯವಾಗಿಯೂ ಕಾಣುತ್ತದೆ.

ಮಾಕಳಿದುರ್ಗ ದಾಟಿ ತೊಂಡೇಬಾವಿಗೆ ಬರುವ ರೈಲು ಹಳಿಯ ಮೇಲೂ ಈಗ ವಿದ್ಯುತ್ ತಂತಿ ಹಾದಿದೆ. ವಾರಾಣಸಿಯ ಕಾರ್ಖಾನೆಯಲ್ಲಿ ಹಳೆಯ ಡೀಸೆಲ್ ರೈಲು ಎಂಜಿನ್ ಎರಡನ್ನು ಬಿಚ್ಚಿ, 10,000 ಅಶ್ವಶಕ್ತಿಯ ವಿದ್ಯುತ್ ಜೋಡಿಯಾಗಿ ಮಾಡಿ 2019ರ ಫೆಬ್ರವರಿಯಲ್ಲಿ ಹೊರತಂದರು. ಅದರ ಚಿತ್ರ ನೋಡಿದಾಗ ನನ್ನ ಕಣ್ಣು ಹೋದದ್ದು ಅಶ್ವಶಕ್ತಿಯತ್ತ ಅಲ್ಲ. ಆ ಹಳೆಯ ತಳ, ಹಳೆಯ ಚಕ್ರಗಳ ಮೇಲೆ ಹೊಸ ಮೋಟಾರಿನ ಬಲವನ್ನು ಹೇಗೆ ಹೊಂದಿಸಿ ಕೂರಿಸಿರಬಹುದು, ಅಲ್ಲಿನ ಮೇಸ್ತ್ರಿಗಳೂ ಅಂಚು ಸವರಿ ನೋಡಿರಬಹುದಲ್ಲವೇ ಎಂದು.

ಬಲದ ವಿಷಯಕ್ಕೆ ಬಂದರೆ, ನನ್ನ ಇಎಸ್‌ಸಿ 200 ಆಂಪಿಯರಿನದು. ಕಾಗದದ ಲೆಕ್ಕದಲ್ಲಿ ಅದು ಸುಮಾರು 6 ಕಿಲೋವ್ಯಾಟ್. ಅಷ್ಟನ್ನೂ ಒಮ್ಮೆಗೇ ಬಿಟ್ಟರೆ ಪೆಟ್ರೋಲಿಗೆಂದು ಮಾಡಿದ ಗೇರಿನ ಹಲ್ಲು ಉಳಿಯುವುದಿಲ್ಲ. ಆದ್ದರಿಂದ ಸ್ಪರ್ ಗೇರನ್ನು ಉಕ್ಕಿನದಕ್ಕೆ ಬದಲಿಸಿ. ಬೇಸಿಗೆಯಲ್ಲಿ ಪಿನಿಯನ್ ಒಂದೆರಡು ಹಲ್ಲು ಚಿಕ್ಕದಿರಲಿ, ಮೋಟಾರು ತಂಪಾಗಿರುತ್ತದೆ. ಆಟ ಮುಗಿದ ಮೇಲೆ ಬ್ಯಾಟರಿಯನ್ನು ಸೆಲ್ಲಿಗೆ 3.8 ವೋಲ್ಟಿಗೆ ತಂದು, ಬಿಸಿಲು ತಾಕದ ಕಡೆ ಇಡಿ. ಇನ್ನು ‘ಪಂಚ್’ ಎಂಬ ಸೆಟ್ಟಿಂಗ್ ಇದೆ, ಹೊರಡುವ ರಭಸವನ್ನು ನಿರ್ಧರಿಸುವುದು ಅದೇ. ಹುಡುಗರು ಅದನ್ನು ತುದಿಗೇರಿಸಿ ಮುಂಚಕ್ರ ಎತ್ತಿಸುತ್ತಾರೆ, ಎತ್ತಿಸಲಿ, ನೋಡಲು ಚೆಂದವೇ. ನನ್ನ ಬಾಜಾದಲ್ಲಿ ಮಾತ್ರ ಅದು ತೀರ ಕೆಳಗಿನ ಮಟ್ಟದಲ್ಲಿರುತ್ತದೆ. ಹೊರಡುವಾಗಿನ ಆ ಮೊದಲ ಗೇಣುದ್ದ ನಡಿಗೆಯನ್ನು ಕಳೆದುಕೊಳ್ಳಲು ನಾನು ತಯಾರಿಲ್ಲ.