ಸಂಜೆಯ ಹುಲ್ಲಿಗೆ ಸವಿ ಹೆಚ್ಚು

ಮೇಯುವ ಹಸುಗಳಿಗೆ ಬೇಲಿಯ ತಂತಿ ಸರಿಸಿ ಹೊಸ ಹುಲ್ಲಿನ ಪಟ್ಟಿಯನ್ನು ಬೆಳಗ್ಗೆ ಬಿಡಬೇಕೋ, ಸಂಜೆಯೋ? ಬ್ರಿಟನ್ನಿನ ಹೈನುಗಾರರ ಮಟ್ಟಿಗೆ ನನ್ನ ಉತ್ತರ ಖಚಿತ: ಸಂಜೆ, ಹಾಲು ಕರೆದಾದ ಮೇಲೆ.

ಅಲ್ಲಿನ ಹುಲ್ಲುಗಾವಲುಗಳಲ್ಲಿ ರೈಗ್ರಾಸ್‌ನದೇ ಮೇಲುಗೈ. ಬಿಸಿಲಿರುವಷ್ಟು ಹೊತ್ತೂ ಅದು ಸಕ್ಕರೆ ತಯಾರಿಸಿ, ಮಿಕ್ಕಿದ್ದನ್ನು ಫ್ರಕ್ಟಾನ್ ರೂಪದಲ್ಲಿ ಬುಡದ ಕಡೆ ಕೂಡಿಡುತ್ತದೆ. ರಾತ್ರಿ ಅದನ್ನೇ ಖರ್ಚು ಮಾಡುತ್ತದೆ. ಹಾಗಾಗಿ ನಸುಕಿನ ಹುಲ್ಲು ಸಪ್ಪೆ, ಇಳಿಹೊತ್ತಿನದು ಸಿಹಿ. ಮೋಡ ಕವಿದರೆ, ಸಾರಜನಕ ಗೊಬ್ಬರ ಹೆಚ್ಚಾದರೆ ಸಕ್ಕರೆ ಇಳಿಯುತ್ತದೆ. ಹಸುಗಳೂ ಗಟ್ಟಿಯಾಗಿ ಮೇಯುವುದು ಮುಸ್ಸಂಜೆಗೇ. ತಲೆಯೆತ್ತದೆ, ನಾಲಿಗೆ ಸುತ್ತಿ ಅವು ಹುಲ್ಲು ಕೀಳುವ ಸದ್ದು ಬೇಲಿಯಾಚೆಗೂ ಕೇಳಿಸುತ್ತದೆ.

ಈ ಸಕ್ಕರೆ ಮೊದಲು ಸಲ್ಲುವುದು ಹಸುವಿನ ದೊಡ್ಡ ಹೊಟ್ಟೆಯ ಸೂಕ್ಷ್ಮಾಣುಗಳಿಗೆ. ಎಳೆ ಹುಲ್ಲಿನ ಪ್ರೋಟೀನ್ ಅಲ್ಲಿ ಬೇಗ ಒಡೆದು ಅಮೋನಿಯಾ ಆಗುತ್ತದೆ. ಅದೇ ಹೊತ್ತಿಗೆ ಸಕ್ಕರೆಯ ಶಕ್ತಿ ಒದಗಿದರೆ ಸೂಕ್ಷ್ಮಾಣುಗಳು ಆ ಅಮೋನಿಯಾವನ್ನು ಹಿಡಿದು ಬೆಳೆಯುತ್ತವೆ. ಮುಂದೆ ಕರುಳಿನಲ್ಲಿ ತಾವೇ ಜೀರ್ಣವಾಗಿ ಹಾಲಿನ ಪ್ರೋಟೀನಿಗೆ ಒದಗುತ್ತವೆ. ಇಲ್ಲವಾದರೆ ಅಮೋನಿಯಾ ರಕ್ತ ಸೇರಿ, ಯಕೃತ್ತಿನಲ್ಲಿ ಯೂರಿಯಾ ಆಗಿ, ಗಂಜಲದಲ್ಲಿ ಹೋಗುತ್ತದೆ. ಮೇದ ಸಾರಜನಕದಲ್ಲಿ ಸುಮಾರು ಕಾಲುಭಾಗ ಮಾತ್ರ ಹಾಲಿಗೆ ಬರುತ್ತದೆ. ಗಂಜಲ ಬಿದ್ದ ಜಾಗದಿಂದ ನೈಟ್ರೇಟ್ ಅಂತರ್ಜಲಕ್ಕಿಳಿಯುವುದು ನ್ಯೂಜಿಲೆಂಡಿಗೆ ದೊಡ್ಡ ತಲೆನೋವು.

ವೇಲ್ಸ್‌ನ ಅಬೆರಿಸ್ಟ್‌ವಿತ್‌ನಲ್ಲಿ 1919ರಲ್ಲಿ ಜಾರ್ಜ್ ಸ್ಟೇಪಲ್‌ಡನ್ ನೇತೃತ್ವದಲ್ಲಿ ಹುಲ್ಲುತಳಿ ಕೇಂದ್ರವೊಂದು ಶುರುವಾಯಿತು. ಅದೇ ಪರಂಪರೆಯಿಂದ ಬಂದವು ಅಬರ್‌ಡಾರ್ಟ್, ಅಬರ್‌ಮ್ಯಾಜಿಕ್‌ನಂಥ ಹೆಚ್ಚು ಸಕ್ಕರೆಯ ರೈಗ್ರಾಸ್ ತಳಿಗಳು. ಪ್ರಯೋಗಗಳಲ್ಲಿ ಗಂಜಲದ ಸಾರಜನಕ ತಗ್ಗಿದ್ದುಂಟು. ಹಾಲು ಮಾತ್ರ ಪ್ರತಿ ಸಲವೂ ಹೆಚ್ಚಿಲ್ಲ. ಪ್ರೋಟೀನಿಗೆ ತಕ್ಕಷ್ಟು ಸಕ್ಕರೆ ಇದ್ದಾಗಲೇ ಫಲ. ರಾತ್ರಿ ಬೆಚ್ಚಗಿರುವ ಕಡೆ ಈ ತಳಿಗಳ ಗುಣ ಪೂರ್ತಿ ಹೊಮ್ಮುವುದೂ ಇಲ್ಲ. ನಮ್ಮ ನೇಪಿಯರ್ ಬಿಸಿನಾಡಿನ ಹುಲ್ಲು, ಅದು ಫ್ರಕ್ಟಾನ್ ಕೂಡಿಡುವ ಜಾತಿಯೇ ಅಲ್ಲ. ಅಲ್ಲಿನ ಲೆಕ್ಕವನ್ನು ಇಲ್ಲಿಗೆ ಹಾಗೇ ತರಲಾಗದು.

ಇನ್ನೊಂದು ಎಚ್ಚರ: ಹುಲ್ಲನ್ನು ನೆಲ ಕಾಣುವಂತೆ ಮೇಯಿಸಬಾರದು. ಬುಡದ ನಾಲ್ಕೈದು ಸೆಂಟಿಮೀಟರಿನಲ್ಲಿರುವ ಸಕ್ಕರೆಯೇ ಮುಂದಿನ ಚಿಗುರಿನ ಬಂಡವಾಳ.

ಹೊಸ ಬೀಜಕ್ಕೆ ದುಡ್ಡು ಬೇಕು, ಬೇಲಿಯ ತಂತಿಯನ್ನು ಸಂಜೆ ಸರಿಸುವುದಕ್ಕೆ ಬೇಡ. ರೈಗ್ರಾಸ್ ನಾಡಿನ ಹೈನುಗಾರರು ಮೊದಲು ಅಷ್ಟನ್ನು ಮಾಡಲಿ.